ಬೇಲಿ ಬಿತ್ತು, ಗರಗಸ ಬಂತು

ಈ ಸಲ ಕಥೆ, ಕವನ, ಪ್ರವಾಸಕಥನ ಎಲ್ಲ ಬಿಟ್ಟು ಸ್ವಲ್ಪ ಮರಗೆಲಸದ ಮಾತಾಡೋಣ ಅಂತ ಹೊರಟಿದ್ದೇನೆ. ಬೇಜಾರಾದರೆ ಮುಂದಿನ ಲೇಖನಕ್ಕೆ ಹಾರಿಬಿಡಿ, ನನ್ನದೇನೂ ತಕರಾರಿಲ್ಲ. ಆದರೆ ನಿಮ್ಮ ಗರಾಜಿನಲ್ಲಿ 'ಮೈಟರ್ ಸಾ' ಅನ್ನುವ ಯಂತ್ರ ಕೂತಿದ್ದರೆ, ಅಥವಾ ಅದನ್ನು ತರುವ ಆಸೆ ಮನೆಯಲ್ಲಿ ಯಾರಿಗಾದರೂ ಹುಟ್ಟಿದ್ದರೆ, ಒಂದು ಕಪ್ ಕಾಫಿ ಮಾಡಿಕೊಂಡು ಬಂದು ಕೂತು ಓದಿ.

2024ರ ನವೆಂಬರ್ 19ರ ರಾತ್ರಿಯನ್ನು ನಮ್ಮ ಸಮಾಮಿಶ್ ಗುಡ್ಡದ ಮೇಲಿನವರು ಯಾರೂ ಮರೆತಿರಲಿಕ್ಕಿಲ್ಲ. ಟೀವಿಯವರು 'ಬಾಂಬ್ ಸೈಕ್ಲೋನ್' ಅಂದಾಗ ನಾವೆಲ್ಲ ನಕ್ಕು, ಬೇಳೆ ಬೇಯಲು ಇಟ್ಟು ಸುಮ್ಮನಿದ್ದೆವು. ಇಲ್ಲಿನ ಬಿರುಗಾಳಿ ಸಾಮಾನ್ಯವಾಗಿ ದಕ್ಷಿಣದ ಕಡೆಯಿಂದ ಬರುವುದು, ಮರಗಳ ಬೇರೂ ಅದಕ್ಕೇ ಒಗ್ಗಿರುತ್ತವೆ. ಆ ರಾತ್ರಿ ಗಾಳಿ ಕ್ಯಾಸ್ಕೇಡ್ ಪರ್ವತ ದಾಟಿಕೊಂಡು ಪೂರ್ವದಿಂದ ನುಗ್ಗಿತು. ಡಗ್ಲಸ್ ಫರ್ ಮರಗಳು ಸಾಲುಸಾಲಾಗಿ ಮಲಗಿದವು, ಪಶ್ಚಿಮ ವಾಷಿಂಗ್ಟನ್ನಿನ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಹಿತ್ತಲ ಬೇಲಿ! ಬೇಲಿ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದೆ. ನಮ್ಮದು ಬಿದ್ದು ಹುಲ್ಲಿನ ಮೇಲೆ ಹಾಯಾಗಿ ನಿದ್ದೆ ಮಾಡುತ್ತಿತ್ತು.

ಕರೆಂಟ್ ಬಂದ ಮೇಲೆ ಬೇಲಿ ಕಟ್ಟುವವರನ್ನು ವಿಚಾರಿಸಿದೆ. ಎಲ್ಲರಿಗೂ ಬೇಲಿ ಬಿದ್ದಿತ್ತಲ್ಲ, ಫೆಬ್ರವರಿ ಅಂದರು. ಮೇಲಿಂದ ಅವರು ಹೇಳಿದ ರೇಟು ಕೇಳಿ ನನ್ನವಳು, "ರೀ, ಇಷ್ಟರಲ್ಲಿ ನಾವು ನಾಲ್ಕೂ ಜನ ಊರಿಗೆ ಹೋಗಿ ಬರಬಹುದು" ಅಂದಳು. ಸರಿ, ನಾನೇ ಕಟ್ಟುತ್ತೇನೆ ಅಂತ ಹೊರಟೆ. ಆ ವಾರದ ಕೊನೆಗೆ 10 ಇಂಚಿನ ಮೈಟರ್ ಸಾ ನಮ್ಮ ಗರಾಜಿಗೆ ಬಂತು. ಪೆಟ್ಟಿಗೆ ಬಿಚ್ಚಿದೆ, ಕೈಪಿಡಿಯನ್ನು ಪಕ್ಕಕ್ಕಿಟ್ಟೆ (ಇಲ್ಲಿಂದಲೇ ತಪ್ಪು ಶುರು), ಪ್ಲಗ್ ಹಾಕಿ ಒಂದು ಹಲಗೆ ಕೊಯ್ದೆ. ಬೆಣ್ಣೆ ಕೊಯ್ದ ಹಾಗೆ! ಮೂರು ಸೆಕೆಂಡು! ಇಷ್ಟು ಸುಲಭವಾ ಅನ್ನಿಸಿತು.

ತೊಂದರೆ ಇರುವುದೇ ಅಲ್ಲಿ. ಟೇಬಲ್ ಸಾ ನೋಡಿದರೆ ಯಾರಿಗಾದರೂ ಭಯವಾಗುತ್ತದೆ, ಚೈನ್ ಸಾ ಶಬ್ದಕ್ಕೇ ಎದೆ ನಡುಗುತ್ತದೆ. ಈ ಮೈಟರ್ ಸಾ ಮಾತ್ರ ಸಾಧು ಹಸುವಿನ ಹಾಗೆ ಕಾಣುತ್ತದೆ. ಹಿಡಿಕೆ ಹಿಡಿದು ಕೆಳಗೆ ಒತ್ತುವುದು, ಬಿಡುವುದು, ಅಷ್ಟೇ. ಅದಕ್ಕೇ ನಾವು ಬೆರಳನ್ನು ಮರೆಯುತ್ತೇವೆ. ನಾನು ಮರೆತದ್ದು ಎರಡನೇ ವಾರದಲ್ಲಿ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಯಂತ್ರದ ಪರಿಚಯ. ಮೈಟರ್ ಅಂದರೆ ಫೋಟೋ ಫ್ರೇಮಿನ ಮೂಲೆಯಲ್ಲಿ ಎರಡು ಪಟ್ಟಿಗಳು ಓರೆಯಾಗಿ ಕೂಡುತ್ತವಲ್ಲ, ಆ ಜೋಡಣೆ. ಹಲಗೆಯನ್ನು ಅಡ್ಡಕ್ಕೆ, ಬೇಕಾದ ಕೋನದಲ್ಲಿ ಕೊಯ್ಯುವುದಕ್ಕೆ ಇರುವ ಗರಗಸ ಇದು. ಉದ್ದಕ್ಕೆ ಸೀಳುವುದಕ್ಕಲ್ಲ. ಕೆಳಗೆ ಒಂದು ಮೇಜು, ಹಿಂದೆ ಲೋಹದ ಒಂದು ನೇರ ಗೋಡೆ. ಆ ಗೋಡೆಗೆ ಇಂಗ್ಲಿಷಿನಲ್ಲಿ 'ಫೆನ್ಸ್' ಅನ್ನುತ್ತಾರೆ. ಬೇಲಿ ಕಟ್ಟುವ ಲೇಖನದಲ್ಲಿ ಗೊಂದಲ ಆಗಬಾರದು ನೋಡಿ, ಹಿತ್ತಲದ್ದು ಬೇಲಿ, ಗರಗಸದ್ದು ಫೆನ್ಸ್. 10 ಇಂಚಿನ ಸಾಧಾರಣ ಗರಗಸದಲ್ಲಿ 2×6 ಹಲಗೆಯನ್ನು ನೇರವಾಗಿ, 2×4 ಅನ್ನು 45 ಡಿಗ್ರಿಯಲ್ಲಿ ಕೊಯ್ಯಬಹುದು. 12 ಇಂಚಿನದರಲ್ಲಿ 2×8 ಮತ್ತು 2×6. ಮುಂದಕ್ಕೆ ಹಿಂದಕ್ಕೆ ಜಾರುವ 'ಸ್ಲೈಡಿಂಗ್' ಬಗೆಯದಾದರೆ ಇನ್ನೂ ಅಗಲದ ಹಲಗೆ ಆಗುತ್ತದೆ. ಬೇಲಿ, ಬೇಸ್‌ಬೋರ್ಡ್, ದಸರಾ ಗೊಂಬೆ ಮೆಟ್ಟಿಲು, ಗಣೇಶನ ಮಂಟಪ ಇಷ್ಟಕ್ಕೆ 10 ಇಂಚು ಧಾರಾಳ ಸಾಕು. 12 ಇಂಚಿನ ಸ್ಲೈಡಿಂಗ್ ಗರಗಸ ಎತ್ತಿ ಇಳಿಸುವಷ್ಟರಲ್ಲಿ ನಡು ಬಿದ್ದುಹೋಗುತ್ತದೆ, ನಮ್ಮ ವಯಸ್ಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈಗ ಸ್ವಲ್ಪ ಲೆಕ್ಕ (ಸಾಫ್ಟ್‌ವೇರ್ ಜನ ಅಲ್ಲವೇ, ಲೆಕ್ಕ ಇಲ್ಲದೆ ನಂಬುವುದಿಲ್ಲ). 10 ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 5000 ಸುತ್ತು ಸುತ್ತುತ್ತದೆ. ಅದರ ಸುತ್ತಳತೆ ಸುಮಾರು 80 ಸೆಂಟಿಮೀಟರ್. ಗುಣಿಸಿ ನೋಡಿ, ಹಲ್ಲಿನ ತುದಿ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡಿಗೆ 60 ಹಲ್ಲಿದ್ದರೆ ಒಂದು ಸೆಕೆಂಡಿನಲ್ಲಿ 5000 ಹಲ್ಲು ಒಂದೇ ಜಾಗವನ್ನು ದಾಟಿ ಹೋಗುತ್ತವೆ. ಬಿಸಿ ದೋಸೆಹೆಂಚು ತಾಗಿದಾಗ 'ಹಾ' ಅಂತ ಕೈ ಹಿಂದೆ ತೆಗೆಯುತ್ತೇವಲ್ಲ, ಅಷ್ಟು ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ.

ಅಪ್ಪ ತೀರ್ಥಹಳ್ಳಿ ಕಡೆಯವರು. ಆರು ತಿಂಗಳಿಗೆ ಅಂತ ಬಂದಿದ್ದವರು ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದರು. ನಮ್ಮ ಮನೆ ಕಟ್ಟುವಾಗ ಬಂದಿದ್ದ ಆಚಾರ್ರ ನೆನಪು ತೆಗೆದು ಒಂದು ಮಾತು ಹೇಳಿದರು: "ಆಚಾರ್ರು ಕೈ ನಿಲ್ಸಿದ್ರೆ ಗರಗಸಾನೂ ನಿಲ್ತಿತ್ತು. ಇದು ನೀನು ನಿಲ್ಸಿದ್ರೂ ನಿಲ್ಲಲ್ಲ ಮಾರಾಯ." ನೂರಕ್ಕೆ ನೂರು ನಿಜ. ಗುಂಡಿ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಇರುವ ಗರಗಸದಲ್ಲಿ ಕೆಲವು ಸೆಕೆಂಡು, ಇಲ್ಲದಿದ್ದರೆ ಇನ್ನೂ ಹೆಚ್ಚು ಹೊತ್ತು. ಮೋಟರಿನ ಸದ್ದು ಇಳಿದ ಕೂಡಲೇ 'ನಿಂತಿತು' ಅಂತ ಮನಸ್ಸು ತೀರ್ಮಾನಿಸಿಬಿಡುತ್ತದೆ, ಕೈ ಮುಂದೆ ಹೋಗುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಬ್ಲೇಡ್ ಮರಕ್ಕೆ ತಾಗದಂತೆ ಮೇಲಿರುವಾಗಲೇ ಗುಂಡಿ ಒತ್ತಿ, ಪೂರ್ತಿ ವೇಗ ಬರಲಿ. ನಿಧಾನವಾಗಿ ಇಳಿಸಿ ಕೊಯ್ಯಿರಿ. ಕೊಯ್ದಾದ ಮೇಲೆ ತಲೆಯನ್ನು ಕೆಳಗೇ ಹಿಡಿದುಕೊಂಡು ಗುಂಡಿ ಬಿಡಿ. ಬ್ಲೇಡ್ ನಿಂತದ್ದನ್ನು ಕಣ್ಣಿನಿಂದ ನೋಡಿ, ಆಮೇಲೆ ಮೇಲೆತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಪಕ್ಕದ ಸಣ್ಣ ತುಂಡು ಹಲ್ಲಿಗೆ ಸಿಕ್ಕಿ ಹಾರುತ್ತದೆ.

ಇನ್ನು ಮರ ಯಾಕೆ ಹಾರುತ್ತದೆ ಅನ್ನುವುದು. ಇದೊಂದು ತಲೆಗೆ ಹೋದರೆ ಮಿಕ್ಕ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನೀವು ಗರಗಸದ ಮುಂದೆ ನಿಂತಾಗ ಬ್ಲೇಡಿನ ನಿಮ್ಮ ಕಡೆಯ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ತಳದ ಹಲ್ಲುಗಳು ಹಿಂದಕ್ಕೆ, ಫೆನ್ಸಿನ ಕಡೆಗೆ ಓಡುತ್ತವೆ, ಹಿಂಬದಿಯವು ಮೇಲಕ್ಕೆ ಏಳುತ್ತವೆ. ಅಂದರೆ ಬ್ಲೇಡ್ ತಾನೇ ಮರವನ್ನು ಮೇಜಿಗೂ ಫೆನ್ಸಿಗೂ ಒತ್ತಿ ಹಿಡಿಯುತ್ತದೆ. ಮರ ಆ ಎರಡಕ್ಕೂ ಅಂಟಿಕೊಂಡು ಕೂತಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ಜಗಳವಿಲ್ಲ. ಫೆನ್ಸಿಗೂ ಮರಕ್ಕೂ ನಡುವೆ ಸಂದಿ ಇದ್ದರೆ? ಹಲ್ಲು ಮರವನ್ನು ಆ ಸಂದಿಗೆ ಎಳೆಯುತ್ತದೆ, ಮರ ತಿರುಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಆಮೇಲೆ ಒಂದೋ ಮರ ಹಾರುತ್ತದೆ, ಇಲ್ಲವೇ ಗರಗಸದ ತಲೆ ಒದೆಯುತ್ತದೆ. ಮರದ ಜೊತೆ ಅದನ್ನು ಹಿಡಿದಿದ್ದ ಕೈಯೂ ಬ್ಲೇಡಿನ ಕಡೆಗೆ ಹೋಗುತ್ತದೆ.

ಇಲ್ಲಿನ ಅಂಗಡಿಯ 2×4ಗಳು ಮಳೆಗಾಲದಲ್ಲಿ ಹಸಿಹಸಿಯಾಗಿರುತ್ತವೆ, ಒಣಗುವಾಗ ಬಾಳೆಕಾಯಿಯ ಹಾಗೆ ಬಾಗುತ್ತವೆ. ಬಾಗಿದ ಹಲಗೆಯ ಉಬ್ಬಿದ ಬದಿ ಫೆನ್ಸಿಗೆ ತಾಗುವಂತೆ ಇಡಿ, ಕೊಯ್ಯುವ ಗೆರೆಯ ಹತ್ತಿರ ಬೆಳಕು ಕಾಣಬಾರದು. ತಿರುವುಮುರುವಾಗಿ ಇಟ್ಟರೆ ಕೊಯ್ಯುವ ಜಾಗದಲ್ಲೇ ಸಂದಿ ಬಿದ್ದು ಬ್ಲೇಡ್ ಸಿಕ್ಕಿಹಾಕಿಕೊಳ್ಳುತ್ತದೆ. ಉದ್ದ ಹಲಗೆಗೆ ಆಚೆ ತುದಿಯಲ್ಲಿ ಮೇಜಿನ ಮಟ್ಟಕ್ಕೇ ಆಧಾರ ಕೊಡಿ. ಹೆಂಡತಿಯನ್ನೋ ಮಗನನ್ನೋ ಹಿಡಿದುಕೊಳ್ಳಲು ನಿಲ್ಲಿಸಬೇಡಿ. ಅವರ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಬ್ಲೇಡ್ ಸಿಗುತ್ತದೆ, ಆಮೇಲೆ ಮನೆಯಲ್ಲಿ ಯಾರ ತಪ್ಪು ಅನ್ನುವ ಚರ್ಚೆ ಬೇರೆ. ಸ್ಲೈಡಿಂಗ್ ಗರಗಸ ಇರುವವರಿಗೆ ಒಂದು ಹೆಚ್ಚಿನ ಮಾತು: ತಲೆಯನ್ನು ಮೊದಲು ನಿಮ್ಮ ಕಡೆಗೆ ಎಳೆದುಕೊಂಡು, ಕೆಳಗಿಳಿಸಿ, ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು. ಎಳೆಯುತ್ತಾ ಕೊಯ್ದರೆ ಹಲ್ಲುಗಳು ಮರವನ್ನು ಹತ್ತಿಕೊಂಡು ತಲೆ ಧಡಕ್ಕನೆ ನಿಮ್ಮ ಮೈಮೇಲೇ ಬರುತ್ತದೆ.

ಈಗ ನನ್ನ ಕಥೆ. ಡಿಸೆಂಬರಿನ ಒಂದು ಸಂಜೆ, ಬೇಲಿ ಹೆಚ್ಚುಕಡಿಮೆ ಮುಗಿದಿತ್ತು. ಕಂಬದ ತಲೆಗೆ ಕೂರಿಸಲು ಮೂರು ಮೂರು ಇಂಚಿನ ಸೀಡರ್ ತುಂಡುಗಳು ಬೇಕಿದ್ದವು. ಎಲ್ಲವೂ ಒಂದೇ ಅಳತೆ ಬರಲಿ ಅಂತ ಬುದ್ಧಿವಂತಿಕೆ ಮಾಡಿ ಬ್ಲೇಡಿನಿಂದ ಮೂರು ಇಂಚು ಆಚೆಗೆ ಫೆನ್ಸಿಗೆ ಒಂದು ಕಟ್ಟೆ ಬಿಗಿದೆ. ಹಲಗೆಯನ್ನು ಅದಕ್ಕೆ ತಾಗಿಸಿ ಕೊಯ್ಯುವುದು, ತುಂಡು ಬೀಳುವುದು, ಮತ್ತೆ ತಾಗಿಸುವುದು. ಆರು ತುಂಡು ಸಲೀಸಾಗಿ ಬಂದವು. ಏಳನೆಯದಕ್ಕೆ ಹಲಗೆಯೇ ಗಿಡ್ಡವಾಗಿತ್ತು, ಎಡಗೈ ಹೆಬ್ಬೆರಳು ಬ್ಲೇಡಿಗೆ ಎರಡು ಇಂಚು ದೂರದಲ್ಲಿತ್ತು. ಒಳಗಿನಿಂದ "ಊಟಕ್ಕೆ ಬನ್ನಿ" ಅನ್ನುವ ಕೂಗು ಮೂರನೇ ಸಲ ಬಂದಿತ್ತು. ಒತ್ತಿದೆ. ಪಟಾಕಿ ಹೊಡೆದ ಶಬ್ದ. ತುಂಡು ಎಲ್ಲಿ ಹೋಯಿತೋ ಕಾಣಲಿಲ್ಲ, ಗರಾಜ್ ಬಾಗಿಲಲ್ಲಿ ಒಂದು ಗುಳಿ ಬಿತ್ತು. ಕೈಯಲ್ಲಿದ್ದ ಮರ ಚಕ್ಕನೆ ತಿರುಗಿ ಹೆಬ್ಬೆರಳನ್ನು ಫೆನ್ಸಿಗೆ ಜಜ್ಜಿತು. ಬೆರಳು ಇದೆಯೋ ಇಲ್ಲವೋ ಅಂತ ನೋಡುವ ಧೈರ್ಯ ಬರಲು ಒಂದು ನಿಮಿಷ ಬೇಕಾಯಿತು. ಇತ್ತು. ಉಗುರು ಕಪ್ಪಾಗಿ, ಮೂರು ವಾರಕ್ಕೆ ಉದುರಿ, ಯುಗಾದಿಯ ಹೊತ್ತಿಗೆ ಹೊಸದು ಬಂತು. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಪ್ಲಗ್ ಕಿತ್ತರು.

ಮಾರನೇ ದಿನ ಕೈಪಿಡಿ ಓದಿದೆ. ನಾನು ಮಾಡಿದ ಎರಡೂ ತಪ್ಪು ಅದರಲ್ಲಿ ಬರೆದೇ ಇತ್ತು. ಒಂದು, ಕತ್ತರಿಸಿ ಬೀಳುವ ತುಂಡಿನ ಕಡೆ ಯಾವತ್ತೂ ಕಟ್ಟೆ ಬಿಗಿಯಬಾರದು. ಬ್ಲೇಡ್ ಮತ್ತು ಕಟ್ಟೆಯ ನಡುವೆ ಸಿಕ್ಕಿಬಿದ್ದ ತುಂಡಿಗೆ ಸರಿದುಕೊಳ್ಳಲು ಜಾಗ ಇರುವುದಿಲ್ಲ, ಅದು ಗುಂಡಿನ ಹಾಗೆ ಹಾರುತ್ತದೆ. ಕಟ್ಟೆ ಇರಬೇಕಾದದ್ದು ನೀವು ಹಿಡಿದಿರುವ, ಬಿಗಿದಿರುವ ಬದಿಗೆ. ಆಚೆಯ ತುಂಡು ಸ್ವತಂತ್ರವಾಗಿ ಸರಿಯುವಂತಿರಬೇಕು. ಎರಡು, ಬ್ಲೇಡಿನ ಎರಡೂ ಕಡೆ ಸುಮಾರು ಆರು ಇಂಚು ಕೈಗೆ ನಿಷಿದ್ಧ ಜಾಗ. ಅನೇಕ ಗರಗಸಗಳಲ್ಲಿ ಅಲ್ಲಿ ಅಡ್ಡಗೆರೆ ಹಾಕಿದ ಕೈಯ ಚಿತ್ರವೇ ಇರುತ್ತದೆ. ಮರ ಅಷ್ಟು ಗಿಡ್ಡವಾಗಿದ್ದು ಕೈ ಆ ಜಾಗಕ್ಕೆ ಹೋಗಲೇಬೇಕು ಅಂದರೆ, ಕೈ ಬೇಡ, ಕ್ಲ್ಯಾಂಪ್ ಹಾಕಿ. ಎಲ್ಲಕ್ಕಿಂತ ಒಳ್ಳೆಯದು, ಸಣ್ಣ ತುಂಡುಗಳನ್ನು ಉದ್ದ ಹಲಗೆಯಿಂದಲೇ ಕೊಯ್ಯುವುದು. ಕೊನೆಯ ಒಂದಡಿ ಮರ ಉಳಿಸಲು ಹೋಗಬೇಡಿ. ನಾವು ಕನ್ನಡಿಗರು ಸಾಸಿವೆ ಡಬ್ಬಿಯ ತಳವನ್ನೂ ಕೆರೆಯುವವರು, ಹಾಗಾಗಿ ಇದು ನಮಗೆ ಕಷ್ಟ, ಗೊತ್ತು. ಬಲಗೈಯಲ್ಲಿ ಗುಂಡಿ ಹಿಡಿದು ಎಡಗೈಯನ್ನು ಅದರ ಕೆಳಗಿನಿಂದ ದಾಟಿಸಿ ಬಲಬದಿಯ ಮರ ಹಿಡಿಯುವುದೂ ಬೇಡ. ಬ್ಲೇಡಿನ ದಾರಿಯಲ್ಲೇ ತೋಳು ಚಾಚಿದ ಹಾಗೆ ಅದು.

ಉಡುಗೆಯ ವಿಷಯ ನಮ್ಮವರಿಗೆ ಸ್ವಲ್ಪ ವಿಶೇಷವಾಗಿಯೇ ಹೇಳಬೇಕು. ಕೈಪಿಡಿಯಲ್ಲಿ 'ಸಡಿಲ ಬಟ್ಟೆ, ಆಭರಣ ಬೇಡ' ಅಂತಷ್ಟೇ ಇರುತ್ತದೆ. ಬರೆದವರಿಗೆ ಪಂಚೆ, ದುಪಟ್ಟಾ, ಬಳೆ, ಉದ್ದ ತಾಳಿ ಸರ, ಕೈಗೆ ಕಟ್ಟಿದ ಕಾಶಿದಾರ ಗೊತ್ತಿಲ್ಲವಲ್ಲ! ಇವೆಲ್ಲ ತೆಗೆಯಿರಿ ಅಥವಾ ಅಂಗಿಯೊಳಗೆ ಸಿಕ್ಕಿಸಿ. ಉದ್ದ ಕೂದಲು ಕಟ್ಟಿರಿ. ಕೈಗವಸೂ ಬೇಡ. ಡಿಸೆಂಬರಿನ ಚಳಿಗೆ ನಾನು ಕೈಗವಸು ಹಾಕಿಕೊಂಡೇ ಕೊಯ್ಯುತ್ತಿದ್ದೆ. ಪಕ್ಕದ ಮನೆಯ ಅಜ್ಜ, ಇಡೀ ಜೀವನ ಬಡಗಿ ಕೆಲಸ ಮಾಡಿದವರು, ಬೇಲಿ ಇಲ್ಲದ ಬೇಲಿಯ ಮೇಲಿಂದ ಕೂಗಿದರು, ಮೊದಲು ಅದನ್ನು ತೆಗಿ ಅಂತ. ಬರಿಗೈಗೆ ಹಲ್ಲು ತಾಗಿದರೆ ಗಾಯ. ಗವಸಿನ ದಾರಕ್ಕೆ ತಾಗಿದರೆ ಕೈಯನ್ನೇ ಒಳಗೆಳೆಯುತ್ತದೆ. ಮರ ಹೊರುವಾಗ ಗವಸು ಹಾಕಿ, ಗರಗಸದ ಮುಂದೆ ತೆಗೆಯಿರಿ.

ಕಣ್ಣಿಗೆ ಕನ್ನಡಕ. ನಂಬರಿನ ಕನ್ನಡಕ ಲೆಕ್ಕಕ್ಕಿಲ್ಲ, ಝಡ್ 87 ಅಂತ ಗುರುತು ಇರುವ ಸುರಕ್ಷತಾ ಕನ್ನಡಕವೇ ಬೇಕು. ನಂಬರಿನದರ ಮೇಲೆ ಕೂರುವಂಥದ್ದೂ ಸಿಗುತ್ತದೆ. ಕಿವಿಗೂ ಬೇಕು. ಈ ಗರಗಸದ ಸದ್ದು ಸುಮಾರು 100 ಡೆಸಿಬಲ್ ಮುಟ್ಟುತ್ತದೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯೋಶ್ ಪ್ರಕಾರ 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ಕೇಳಬಹುದು, ಪ್ರತಿ 3 ಡೆಸಿಬಲ್ ಹೆಚ್ಚಿದಾಗಲೂ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ಸಿಗುವುದು ಕಾಲು ಗಂಟೆ ಮಾತ್ರ. ಹಾಡು ಕೇಳುವ ಇಯರ್‌ಫೋನ್ ಇದಕ್ಕೆ ಪರ್ಯಾಯವಲ್ಲ.

ದೂಳು: ಇದೊಂದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಬೇಲಿ ಅಂದರೆ ವೆಸ್ಟರ್ನ್ ರೆಡ್ ಸೀಡರ್. ಏನು ಪರಿಮಳ ಅಂತೀರಿ! ಆದರೆ ಅದರಲ್ಲಿ ಪ್ಲಿಕ್ಯಾಟಿಕ್ ಆಸಿಡ್ ಅನ್ನುವ ವಸ್ತು ಇದೆ, ಅದರ ದೂಳಿನಿಂದ ಕೆಲವರಿಗೆ ಆಸ್ತಮಾ ಬರುತ್ತದೆ. ಇಲ್ಲಿಂದ ಉತ್ತರಕ್ಕಿರುವ ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳ ಕೆಲಸಗಾರರಲ್ಲಿ ಇದನ್ನು ವೈದ್ಯರು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಕೆಮ್ಮು ಕೆಲಸ ಮಾಡುವಾಗಲೇ ಬರಬೇಕೆಂದಿಲ್ಲ, ಎಷ್ಟೋ ಸಲ ರಾತ್ರಿ ಮಲಗಿದ ಮೇಲೆ ಬರುತ್ತದೆ, ಹಾಗಾಗಿ ಯಾರೂ ಸೀಡರನ್ನು ಅನುಮಾನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಗರಗಸದ ಹಿಂದಿನ ಚೀಲ ಹಿಡಿಯುವುದು ಸ್ವಲ್ಪ ದೂಳನ್ನು ಮಾತ್ರ. ಶಾಪ್ ವ್ಯಾಕ್ಯೂಮ್ ಜೋಡಿಸಿದರೆ ಎಷ್ಟೋ ಮೇಲು. ಕೋವಿಡ್ ಕಾಲದ, ಕಾಡ್ಗಿಚ್ಚಿನ ಹೊಗೆಯ ಕಾಲದ ಎನ್95 ಮಾಸ್ಕುಗಳು ಎಲ್ಲರ ಮನೆ ಕಪಾಟಿನಲ್ಲೂ ಇನ್ನೂ ಇರುತ್ತವೆ, ಅವನ್ನು ಹಾಕಿಕೊಳ್ಳಿ. ಗರಾಜ್ ಬಾಗಿಲು ತೆರೆದಿಡಿ, ಮನೆಯೊಳಗಿನ ಬಾಗಿಲು ಮುಚ್ಚಿ.

ಬೇಲಿಯ ಹಳೇ ಕಂಬ ಕೊಯ್ಯುವವರಿಗೆ ಒಂದು ಎಚ್ಚರಿಕೆ. ಮಣ್ಣಿನಲ್ಲಿ ಹೂಳುವ ಕಂಬಗಳಿಗೆ ಗೆದ್ದಲು, ಬೂಷ್ಟು ಹಿಡಿಯದಂತೆ ರಾಸಾಯನಿಕ ತುಂಬಿರುತ್ತಾರೆ. 2003ರ ಕೊನೆಯವರೆಗೂ ಮನೆಬಳಕೆಯ ಮರಕ್ಕೆ ಹಾಕುತ್ತಿದ್ದ ಸಿಸಿಎ ಅನ್ನುವ ಮಿಶ್ರಣದಲ್ಲಿ ಕ್ರೋಮಿಯಂ, ತಾಮ್ರದ ಜೊತೆ ಆರ್ಸೆನಿಕ್, ಅಂದರೆ ಪಾಷಾಣ ಇರುತ್ತಿತ್ತು. ಸಮಾಮಿಶ್ ನಗರವಾದದ್ದೇ 1999ರಲ್ಲಿ, ಆದರೆ ಇಲ್ಲಿನ ಎಷ್ಟೋ ಮನೆಗಳು ಅದಕ್ಕಿಂತ ಹಳೆಯವು, ಅವುಗಳ ಹಿತ್ತಲಲ್ಲಿ ಆ ಕಾಲದ ಕಂಬ ಇನ್ನೂ ನಿಂತಿರಬಹುದು. ಅಂಥದ್ದನ್ನು ಕೊಯ್ದು ಹೊಸ ಕೆಲಸಕ್ಕೆ ಬಳಸಬೇಡಿ, ದೂಳನ್ನು ತರಕಾರಿ ಪಾತಿಗೆ ಹಾಕಬೇಡಿ. ಹೊಸದಾಗಲಿ ಹಳೆಯದಾಗಲಿ, ಟ್ರೀಟೆಡ್ ಮರದ ಚೂರನ್ನು ಅಗ್ಗಿಷ್ಟಿಕೆಯಲ್ಲಿ, ಹೋಮಕುಂಡದಲ್ಲಿ ಸುಡಲೇಬೇಡಿ. ಹಳೆಯ ಸೀಡರ್ ಹಲಗೆಯನ್ನು ಮತ್ತೆ ಬಳಸುವುದಾದರೆ ಮೊಳೆ ಪೂರ್ತಿ ಕಿತ್ತಿದೆಯಾ ಅಂತ ನೋಡಿ. ಬ್ಲೇಡ್ ಮೊಳೆಗೆ ಹೊಡೆದರೆ ಹಲ್ಲಿನ ಕಾರ್ಬೈಡ್ ತುದಿ ಮುರಿದು ಹಾರುತ್ತದೆ.

ನೋಡಿಕೊಳ್ಳುವುದು ಹೇಗೆ

ಯಾವ ಕೆಲಸಕ್ಕೂ ಮುಂಚೆ ಪ್ಲಗ್ ಕೀಳಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಿರಿ. ಸ್ವಿಚ್ ಬಿಟ್ಟಿದ್ದೇನಲ್ಲ ಅನ್ನುವುದು ಸಾಲದು. ಬ್ಲೇಡಿನ ಸುತ್ತ ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಕವಚ ಇದೆಯಲ್ಲ, ತಲೆ ಎತ್ತಿದಾಗ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಸೀಡರ್ ದೂಳು, ಫರ್ ಮರದ ಅಂಟು ಸೇರಿ ಅದು ಅರ್ಧಕ್ಕೇ ನಿಲ್ಲುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಜಿಗೆ ಕೂತ ದೂಳು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗೆರೆ ಸರಿಯಾಗಿ ಕಾಣುವುದಿಲ್ಲ ಅಂತ ಅದನ್ನು ದಾರ ಕಟ್ಟಿ ಮೇಲೆ ನಿಲ್ಲಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಬ್ಲೇಡ್ ಮೊಂಡಾಗಿದೆ ಅಂತ ಬಿಸಾಡುವ ಮುಂಚೆ ತೊಳೆದು ನೋಡಿ. ಎಷ್ಟೋ ಸಲ ಹಲ್ಲು ಚೆನ್ನಾಗಿಯೇ ಇರುತ್ತದೆ, ಅಂಟು ಹಿಡಿದಿರುತ್ತದೆ ಅಷ್ಟೇ. ಕೊಯ್ದ ಜಾಗ ಸುಟ್ಟು ಕಪ್ಪಾದರೆ, ಹೆಚ್ಚು ಒತ್ತಬೇಕಾದರೆ, ಅದೇ ಗುರುತು. ಹಳೇ ಪಿಜ್ಜಾ ತಟ್ಟೆಯಲ್ಲಿ (ಮತ್ತೆ ಅಡಿಗೆಮನೆಗೆ ತರುವುದಿಲ್ಲ ಅನ್ನುವ ಷರತ್ತಿನ ಮೇಲೆ ಕೇಳಿ ತೆಗೆದುಕೊಳ್ಳಿ) ನೀರಿಗೆ ಜಿಡ್ಡು ತೆಗೆಯುವ ದ್ರವ ಬೆರೆಸಿ 10-15 ನಿಮಿಷ ನೆನೆಸಿ, ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಓವನ್ ಕ್ಲೀನರ್ ಹಾಕಬೇಡಿ. ಬ್ಲೇಡ್ ಬಿಚ್ಚುವಾಗ ಬಹುಪಾಲು ಮೈಟರ್ ಸಾಗಳ ನಡುಬೋಲ್ಟು ಎಡಮರೆಯದು ಅನ್ನುವುದು ನೆನಪಿರಲಿ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಬಿಗಿ ಮಾಡಿದ್ದೇ ಮಾಡಿದ್ದು. ವಾಪಸ್ ಹಾಕುವಾಗ ಬ್ಲೇಡಿನ ಮೇಲಿನ ಬಾಣದ ಗುರುತೂ ಕವಚದ ಮೇಲಿನ ಬಾಣವೂ ಒಂದೇ ಕಡೆ ಇರಬೇಕು. ಬೇಲಿಗೆ 40 ಹಲ್ಲು ಸಾಕು, ಮಂಟಪಕ್ಕೆ 60 ಅಥವಾ 80 ಹಲ್ಲಿನದು ನಯವಾಗಿ ಕೊಯ್ಯುತ್ತದೆ.

ಗರಗಸ ನಿಜವಾಗಿ 90 ಡಿಗ್ರಿಗೇ ಕೊಯ್ಯುತ್ತಿದೆಯಾ ಅಂತ ನೋಡುವುದಕ್ಕೆ ಅಜ್ಜ ಹೇಳಿಕೊಟ್ಟ ಉಪಾಯ ನನಗೆ ಬಹಳ ಹಿಡಿಸಿತು. ಎರಡೂ ಅಂಚು ಸಮನಾಗಿರುವ ಅಗಲದ ಹಲಗೆ ತೆಗೆದುಕೊಂಡು ನಡುವೆ ಕೊಯ್ಯಿರಿ. ಎಡಗಡೆ ತುಂಡು ಹಾಗೇ ಇರಲಿ, ಬಲಗಡೆಯದನ್ನು ದೋಸೆ ಮಗುಚಿದ ಹಾಗೆ ಮಗುಚಿ, ಫೆನ್ಸಿಗೆ ಒರಗಿದ್ದ ಅಂಚು ಈಗ ನಿಮ್ಮ ಕಡೆ ಬರಲಿ. ಎರಡನ್ನೂ ಫೆನ್ಸಿಗೆ ಒತ್ತಿ ಕೊಯ್ದ ತುದಿಗಳನ್ನು ಕೂಡಿಸಿ. ಸಂದಿ ಇಲ್ಲದಿದ್ದರೆ ಗರಗಸ ಸರಿಯಿದೆ. ಸಂದಿ ಇದ್ದರೆ, ಕಾಣುವ ಸಂದಿ ನಿಜವಾದ ತಪ್ಪಿನ ಎರಡರಷ್ಟು. ಹಾಗಾಗಿ ಮೂಲೆಮಟ್ಟಕ್ಕೆ ಕಾಣದ ಸಣ್ಣ ಓರೆಯೂ ಇಲ್ಲಿ ಸಿಕ್ಕಿಬೀಳುತ್ತದೆ. ಮೇಲಿಂದ ನೋಡಿದಾಗ ಸಂದಿ ಕಂಡರೆ ಫೆನ್ಸ್ ಸರಿಪಡಿಸಿ, ಹಲಗೆಯ ದಪ್ಪದ ಕಡೆಯಿಂದ ನೋಡಿದಾಗ ಕಂಡರೆ ತಲೆ ಓರೆಯಾಗಿದೆ ಅಂತ ಅರ್ಥ. ಇಷ್ಟೊಂದು ತಲೆಬಿಸಿ ಯಾಕೆ ಅಂದಿರಾ? ನಾಲ್ಕು ಮೂಲೆಯ ಫ್ರೇಮಿಗೆ ಎಂಟು ಕೊಯ್ತ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಕೊನೆಯ ಮೂಲೆಗೆ ಬರುವಷ್ಟರಲ್ಲಿ ನಾಲ್ಕು ಡಿಗ್ರಿ ಸಂದಿ. ಎಂಟು ಮೂಲೆಯ ಮಂಟಪಕ್ಕೆ ಹೊರಟರೆ, ಅದಕ್ಕೆ ಕೋನ 22.5 ಡಿಗ್ರಿ, ಆ ಸಂದಿಯೂ ಎರಡರಷ್ಟು.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. 15 ಆಂಪಿಯರ್ ಎಳೆಯುವ ಯಂತ್ರಕ್ಕೆ ದೀಪಾವಳಿ ಲೈಟಿನ ಸಣಕಲು ಎಕ್ಸ್‌ಟೆನ್ಶನ್ ವೈರು ಹಾಕಬೇಡಿ, ವೈರು ಬಿಸಿಯಾಗುತ್ತದೆ, ಮೋಟರ್ ಸೊರಗುತ್ತದೆ. 25 ಅಡಿಗೆ 14 ಗೇಜ್, 50 ಅಡಿಗೆ 12 ಗೇಜ್ ಇರಲಿ (ನಂಬರ್ ಕಡಿಮೆಯಾದಷ್ಟೂ ವೈರು ದಪ್ಪ). ಹಿತ್ತಲಲ್ಲಿ ಒದ್ದೆ ನೆಲದ ಮೇಲೆ ಕೆಲಸವಾದರೆ ಜಿಎಫ್‌ಸಿಐ ಇರುವ ಸಾಕೆಟ್ಟಿನಿಂದಲೇ ತೆಗೆದುಕೊಳ್ಳಿ. ಅಪ್ಪ ವಾಪಸ್ ಹೊರಡುವಾಗ, "ಇದನ್ನ ಊರಿಗೆ ತಗೊಂಡ್ ಹೋದ್ರೆ?" ಅಂತ ಕೇಳಿದರು. ಇಲ್ಲಿಯದು 120 ವೋಲ್ಟ್, ಅಲ್ಲಿ 230. ಪ್ಲಗ್ ಪಿನ್ ಬದಲಿಸಿ ಹಾಕಿದರೆ ಮೊದಲ ದಿನವೇ ಮೋಟರ್ ಸುಟ್ಟುಹೋಗುತ್ತದೆ.

ಮೋಟರಿನಿಂದ ಕಿಡಿ ಹೆಚ್ಚು ಕಂಡರೆ, ನಿಂತು ನಿಂತು ಓಡಿದರೆ ಕಾರ್ಬನ್ ಬ್ರಶ್ ಸವೆದಿರಬಹುದು. ಅಗ್ಗದ ಸಾಮಾನು, ಎರಡನ್ನೂ ಒಟ್ಟಿಗೇ ಬದಲಿಸಿ. ಬ್ರಶ್‌ಲೆಸ್ ಮೋಟರಿನವರಿಗೆ ಈ ಚಿಂತೆಯಿಲ್ಲ. ನಮ್ಮ ಚಳಿಗಾಲದ ತೇವಕ್ಕೆ ಬ್ಲೇಡ್, ಬೋಲ್ಟುಗಳಿಗೆ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ದೂಳು ಹೊಡೆದು ಬಟ್ಟೆ ಮುಚ್ಚಿ.

ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ. ನಮ್ಮ ಗರಾಜುಗಳಲ್ಲೇ ಸೈಕಲ್ಲು, ಸ್ಕೂಟರು, ಬ್ಯಾಸ್ಕೆಟ್‌ಬಾಲ್ ಎಲ್ಲ. ಅನೇಕ ಗರಗಸಗಳ ಗುಂಡಿಯಲ್ಲಿ ಒಂದು ತೂತು ಇರುತ್ತದೆ, ಅದು ಯಾಕೆ ಅಂತ ನನಗೆ ಬಹಳ ದಿನ ತಿಳಿದಿರಲಿಲ್ಲ. ಸಣ್ಣ ಬೀಗ ಹಾಕುವುದಕ್ಕೆ! ಬೀಗ ಹಾಕಿದರೆ ಗುಂಡಿ ಒತ್ತಲಾಗುವುದಿಲ್ಲ. ತಲೆಯನ್ನು ಕೆಳಗಿಳಿಸಿ ಲಾಕ್ ಪಿನ್ನನ್ನೂ ಹಾಕಿಡಿ.

ಆಗಬಾರದ್ದು ಆಗಿಯೇ ಹೋದರೆ: ಮೊದಲು 911. ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ. ಬೆರಳು ತುಂಡಾಗಿದ್ದರೆ ಅದನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ನೇರವಾಗಿ ಐಸಿನ ಮೇಲೆ ಇಟ್ಟರೆ ಮತ್ತೆ ಜೋಡಿಸಲು ಬಾರದಂತೆ ಕೆಡಬಹುದು. ಎಷ್ಟೇ ಧೈರ್ಯ ಇದ್ದರೂ ಗಾಯಗೊಂಡವರು ತಾವೇ ಕಾರು ಓಡಿಸಿಕೊಂಡು ಹೊರಡಬಾರದು. ಈ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಗರಗಸದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ನನ್ನವಳು ಓದಿ, ಆ ಸಂಜೆ ಊಟಕ್ಕೆ ಬರಲಿಲ್ಲ. ಈಗ ಗರಗಸದ ಶಬ್ದ ಕೇಳುತ್ತಿರುವಾಗ ಅವಳು ಕೂಗುವುದಿಲ್ಲ, ಬಾಗಿಲ ಹತ್ತಿರ ಬಂದು ಶಬ್ದ ನಿಲ್ಲುವವರೆಗೂ ಕಾಯುತ್ತಾಳೆ. ಸಾರು ಆರಿದರೂ ಸರಿ.

ಬೇಲಿ ನಿಂತಿದೆ. 2025ರ ಗಣೇಶನ ಹಬ್ಬಕ್ಕೆ ನಾಲ್ಕು ಮೂಲೆಯ ಮಂಟಪವೂ ಆಯಿತು. ಹಿಂದಿನ ಎಡಮೂಲೆಯಲ್ಲಿ ಒಂದು ಕೂದಲೆಳೆ ಸಂದಿ ಇದೆ, ಅಲ್ಲಿ ಮಾವಿನೆಲೆ ಸಿಕ್ಕಿಸಿದ್ದೆವು. ನನ್ನ ಹತ್ತಿರ 80 ಹಲ್ಲಿನ ಬ್ಲೇಡ್ ಒಂದು ಹೆಚ್ಚಿಗೆ ಇದೆ, ಮಂಟಪ, ಗೊಂಬೆ ಮೆಟ್ಟಿಲು ಮಾಡುವವರು ಯಾರಾದರೂ ಇದ್ದರೆ ಕೇಳಿ, ಕೊಡುತ್ತೇನೆ. ಗರಗಸ ಮಾತ್ರ ಸಾಲ ಕೊಡುವುದಿಲ್ಲ. ಮರ ತೆಗೆದುಕೊಂಡು ನೀವೇ ಬನ್ನಿ, ಶನಿವಾರ ಹತ್ತು ಗಂಟೆಯ ಮೇಲೆ, ಕಾಫಿ ಸಿಗುತ್ತದೆ. ಕೈಗವಸು ಕಾರಿನಲ್ಲೇ ಇರಲಿ.